ಇದ್ದ ಡಿಶ್‌ನಲ್ಲೇ ಉಚಿತ ಚಾನೆಲ್‌ಗಳು

ಡಿಟಿಎಚ್ ಸಂಪರ್ಕಕ್ಕಾಗಿ ಒಮ್ಮೆ ಹಾಕಿಸಿದ ಡಿಶ್, ರೀಚಾರ್ಜ್ ನಿಂತ ಮೇಲೂ ಕೆಲಸಕ್ಕೆ ಬರುತ್ತದೆ. ಅದರ ಮೇಲೆ ಯಾವ ಕಂಪನಿಯ ಹೆಸರು ಬರೆದಿದ್ದರೂ ಡಿಶ್ ಆ ಕಂಪನಿಯ ಸಿಗ್ನಲ್‌ಗೆ ಮಾತ್ರ ಕಟ್ಟುಬಿದ್ದದ್ದಲ್ಲ. ಅದು ಬಾಗಿದ ಒಂದು ಲೋಹದ ತಟ್ಟೆ. ಯಾವ ಉಪಗ್ರಹದ ಕಡೆಗೆ ಮುಖ ಮಾಡಿದೆಯೋ ಆ ಉಪಗ್ರಹದ ಅಲೆಗಳನ್ನು ಒಂದೆಡೆಗೆ ಕೂಡಿಸಿಕೊಡುವುದಷ್ಟೇ ಅದರ ಕೆಲಸ. ಮುಖವನ್ನು ಉಚಿತ ಪ್ರಸಾರವಿರುವ ಉಪಗ್ರಹದ ಕಡೆಗೆ ತಿರುಗಿಸಿ, ಸರಿಯಾದ ಬಾಕ್ಸ್ ಜೋಡಿಸಿದರೆ ತಿಂಗಳ ಬಾಡಿಗೆಯಿಲ್ಲದೆ ಟಿವಿ ನೋಡಬಹುದು. ಭಾರತದಲ್ಲಿ ಇದಕ್ಕೆ ಇರುವ ದೊಡ್ಡ ದಾರಿ ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್.

ಈ ಸೇವೆ ಆರಂಭವಾದದ್ದು 2004ರ ಡಿಸೆಂಬರ್‌ನಲ್ಲಿ, 33 ಚಾನೆಲ್‌ಗಳೊಂದಿಗೆ. ಆಗ ಅದರ ಹೆಸರು ಡಿಡಿ ಡೈರೆಕ್ಟ್ ಪ್ಲಸ್. ಫ್ರೀ ಡಿಶ್ ಎಂಬ ಹೆಸರು ಬಂದದ್ದು ಆಮೇಲೆ. ಇಂದು ದೇಶದಲ್ಲಿ 4 ಕೋಟಿಗೂ ಹೆಚ್ಚು ಮನೆಗಳಲ್ಲಿ ಇದು ಇದೆ ಎಂಬ ಅಂದಾಜಿದೆ. ನೋಡುವವರಿಂದ ಹಣ ಪಡೆಯುವ ಪದ್ಧತಿ ಇಲ್ಲಿಲ್ಲ. ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಹಣ ಕಟ್ಟಿ ಜಾಗ ಪಡೆಯುತ್ತವೆ. ಈ ಸೇವೆಯಿಂದ ಪ್ರಸಾರ ಭಾರತಿಗೆ ಆದಾಯ ಬರುವುದು ಹಾಗೆ. ಹೊಸದಾಗಿ ಎಲ್ಲವನ್ನೂ ಕೊಳ್ಳುವವರಿಗೆ ತಗಲುವ ಖರ್ಚು ಸುಮಾರು 2000 ರೂಪಾಯಿ. ಡಿಶ್, ಕೇಬಲ್ ಮೊದಲೇ ಇದ್ದರೆ ಬಾಕ್ಸ್‌ನ ಬೆಲೆಯಲ್ಲೇ ಕೆಲಸ ಮುಗಿಯುತ್ತದೆ.

ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ತಾರಸಿ ಹತ್ತುವ ಮೊದಲೇ ತಿಳಿದಿರುವುದು ಒಳ್ಳೆಯದು. ಡಿಡಿ ಚಂದನ, ಡಿಡಿ ನ್ಯಾಷನಲ್, ಡಿಡಿ ನ್ಯೂಸ್, ಡಿಡಿ ಸ್ಪೋರ್ಟ್ಸ್, ಸಂಸತ್ತಿನ ಕಲಾಪ ತೋರಿಸುವ ಸಂಸದ್ ಟಿವಿ, ಬೇರೆ ಬೇರೆ ಭಾಷೆಗಳ ದೂರದರ್ಶನ ಚಾನೆಲ್‌ಗಳು, ಜೊತೆಗೆ ಆಕಾಶವಾಣಿಯ ಹತ್ತಾರು ರೇಡಿಯೊ ವಾಹಿನಿಗಳು ಸಿಗುತ್ತವೆ. ಖಾಸಗಿ ಚಾನೆಲ್‌ಗಳಲ್ಲಿ ಹಿಂದಿಯವೇ ಹೆಚ್ಚು: ಸುದ್ದಿ, ಹಳೆಯ ಸಿನಿಮಾ, ಹಾಡು, ಭಕ್ತಿ. ಕನ್ನಡದ ಧಾರಾವಾಹಿಗಳನ್ನು, ರಿಯಾಲಿಟಿ ಷೋಗಳನ್ನು ಬಿಟ್ಟಿರಲಾರದ ಮನೆಗೆ ಫ್ರೀ ಡಿಶ್ ಒಂದೇ ಸಾಲದು. ಕನ್ನಡದ ಪ್ರಮುಖ ಮನರಂಜನಾ ಚಾನೆಲ್‌ಗಳು ಹಣ ಕೊಟ್ಟು ನೋಡುವಂಥವು. ಸುದ್ದಿ, ಚಂದನದ ಕಾರ್ಯಕ್ರಮಗಳು, ಮಕ್ಕಳ ಪಾಠ, ಆಗಾಗ ಕ್ರಿಕೆಟ್ ಸಾಕು ಎನ್ನುವವರಿಗೆ ಇದು ತಕ್ಕದ್ದು. ಮನೆಯಲ್ಲಿ ಎರಡನೆಯ ಟಿವಿ ಇದ್ದರೆ, ತೋಟದ ಮನೆಯಲ್ಲೋ ಅಂಗಡಿಯಲ್ಲೋ ಅಪರೂಪಕ್ಕೆ ಟಿವಿ ಹಾಕುವುದಿದ್ದರೆ ಇದಕ್ಕಿಂತ ಉತ್ತಮ ಏರ್ಪಾಡು ಇಲ್ಲ.

ಕ್ರಿಕೆಟ್ ವಿಷಯದಲ್ಲಿ ಒಂದು ವಿಶೇಷವಿದೆ. 2007ರ ಕಾಯ್ದೆಯಂತೆ, ರಾಷ್ಟ್ರೀಯ ಮಹತ್ವದವು ಎಂದು ಸರ್ಕಾರ ಗೊತ್ತುಮಾಡಿದ ಪಂದ್ಯಗಳ ಪ್ರಸಾರವನ್ನು ಖಾಸಗಿ ಹಕ್ಕುದಾರರು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು. ಹಾಗೆ ಬಂದ ಪ್ರಸಾರವನ್ನು ದೂರದರ್ಶನ ತನ್ನದೇ ಜಾಲದಲ್ಲಿ ಮಾತ್ರ ತೋರಿಸಬಹುದು, ಕೇಬಲ್‌ನವರಿಗೂ ಖಾಸಗಿ ಡಿಟಿಎಚ್‌ನವರಿಗೂ ದಾಟಿಸುವಂತಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಹಣ ಕೊಟ್ಟ ಸಂಪರ್ಕದ ದೂರದರ್ಶನದಲ್ಲಿ ಕಾಣದ ಪಂದ್ಯ ಫ್ರೀ ಡಿಶ್‌ನಲ್ಲಿ ಕಾಣುವುದಕ್ಕೆ ಕಾರಣ ಇದೇ.

ಪಾಠದ ಚಾನೆಲ್‌ಗಳ ಬಗ್ಗೆ ಹೇಳಲೇಬೇಕು, ಏಕೆಂದರೆ ಈ ಸೇವೆಯ ಅತ್ಯಂತ ಬೆಲೆಯುಳ್ಳ ಭಾಗ ಅದೇ. ಅತಿ ಕಡಿಮೆ ಜನರಿಗೆ ಗೊತ್ತಿರುವುದೂ ಅದೇ. ಕಾಲೇಜು ಮಟ್ಟದ ಪಾಠಗಳಿಗಾಗಿ ಸ್ವಯಂಪ್ರಭಾ ಎಂಬ ಚಾನೆಲ್‌ಗಳ ಗುಂಪು 2017ರಲ್ಲಿ 32 ಚಾನೆಲ್‌ಗಳೊಂದಿಗೆ ಶುರುವಾಯಿತು. 2020ರಲ್ಲಿ, ಶಾಲೆಗಳು ಮುಚ್ಚಿದ್ದಾಗ, 1ರಿಂದ 12ನೆಯ ತರಗತಿಯವರೆಗೆ ತರಗತಿಗೊಂದು ಚಾನೆಲ್‌ನಂತೆ ಪಿಎಂ ಇ-ವಿದ್ಯಾ ಬಂತು. ಇಂಟರ್‌ನೆಟ್ ನೆಟ್ಟಗೆ ಬಾರದ ಹಳ್ಳಿಯ ವಿದ್ಯಾರ್ಥಿಗೆ ಡೇಟಾ ಖರ್ಚಿಲ್ಲದೆ ಇಡೀ ದಿನ ಪಾಠ ತಲುಪಿಸುವ ಮಾರ್ಗ ಇನ್ನೊಂದಿಲ್ಲ.

ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು

ಡಿಟಿಎಚ್ ಸಂಪರ್ಕದಲ್ಲಿ ನಾಲ್ಕು ವಸ್ತುಗಳಿವೆ: ಡಿಶ್, ಅದರ ತೋಳಿನ ತುದಿಯಲ್ಲಿ ಕೂತು ಅಲೆಗಳನ್ನು ಹಿಡಿಯುವ ಎಲ್‌ಎನ್‌ಬಿ, ಕೇಬಲ್, ಸೆಟ್‌ಟಾಪ್ ಬಾಕ್ಸ್. ಮೊದಲ ಮೂರು ಬಹುತೇಕ ಹಾಗೆಯೇ ನಡೆಯುತ್ತವೆ. ಭಾರತದ ಡಿಟಿಎಚ್ ಸೇವೆಗಳೆಲ್ಲ ಕೆಯು ಬ್ಯಾಂಡ್ ಎಂಬ ಒಂದೇ ತರಂಗ ಪಟ್ಟಿಯನ್ನು ಬಳಸುತ್ತವೆ. ಫ್ರೀ ಡಿಶ್ ಕೂಡ ಅದರಲ್ಲೇ ಬರುತ್ತದೆ. ಸಾಮಾನ್ಯವಾಗಿ ಕಾಣುವ 60 ಸೆಂಟಿಮೀಟರ್ ಡಿಶ್ ಕರ್ನಾಟಕದಲ್ಲಿ ಎಲ್ಲಿಯಾದರೂ ಸಾಕಾಗುತ್ತದೆ. ಎಲ್‌ಎನ್‌ಬಿ ಮೇಲೆ 9750 ಮತ್ತು 10600 ಎಂಬ ಅಂಕಿಗಳು ಅಚ್ಚಾಗಿದ್ದರೆ ಅದು ಯೂನಿವರ್ಸಲ್ ಎಲ್‌ಎನ್‌ಬಿ, ಬದಲಿಸುವ ಅಗತ್ಯವಿಲ್ಲ. ಕೇಬಲ್ ಆರ್‌ಜಿ-6 ಇದ್ದು, ಸಿಪ್ಪೆ ಬಿರಿಯದೆ, ತುದಿಯ ಎಫ್ ಕನೆಕ್ಟರ್ ಹಸಿರುಗಟ್ಟದೆ ಇದ್ದರೆ ಅದೂ ಸರಿ. ಹಲವು ವರ್ಷ ಬಿಸಿಲು ಮಳೆ ಕಂಡ ಕನೆಕ್ಟರನ್ನು ಕತ್ತರಿಸಿ ಹೊಸದು ಹಾಕುವುದು ಒಳ್ಳೆಯದು. ಕೆಲವೇ ರೂಪಾಯಿಯ ಈ ಬಿಡಿಭಾಗವೇ ಅನೇಕ ತೊಂದರೆಗಳ ಮೂಲ.

ಹಳೆಯ ಸೆಟ್‌ಟಾಪ್ ಬಾಕ್ಸ್ ಮಾತ್ರ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. ಅದು ತನ್ನ ಕಂಪನಿಯ ಸಾಫ್ಟ್‌ವೇರ್‌ಗೂ ಕಾರ್ಡಿಗೂ ಬಿಗಿದುಕೊಂಡಿರುತ್ತದೆ; ಬೇರೆ ಉಪಗ್ರಹವನ್ನು ಹುಡುಕಲು ಬಿಡುವುದಿಲ್ಲ. ಇನ್ನೊಂದು ಮಾತು: ಕೆಲವು ಸಂಪರ್ಕಗಳಲ್ಲಿ ಡಿಶ್ ಮತ್ತು ಬಾಕ್ಸ್ ಬಾಡಿಗೆಗೆ ಕೊಟ್ಟವು. ಹಾಗಿದ್ದರೆ ಅವು ಕಂಪನಿಯ ಸ್ವತ್ತು. ಹಳೆಯ ಬಿಲ್ಲನ್ನೋ ಒಪ್ಪಂದದ ಕಾಗದವನ್ನೋ ನೋಡಿ, ಡಿಶ್ ಕೊಂಡದ್ದೇ ಎಂದು ಖಚಿತಪಡಿಸಿಕೊಂಡ ಮೇಲೆ ಅದಕ್ಕೆ ಕೈ ಹಚ್ಚಬೇಕು.

ಹೊಸ ಬಾಕ್ಸ್ ಕೊಳ್ಳುವಾಗ ನೋಡಬೇಕಾದದ್ದು ಡಬ್ಬಿಯ ಮೇಲಿನ ಎರಡು ಮಾತುಗಳು: ಡಿವಿಬಿ-ಎಸ್2 ಮತ್ತು ಎಂಪೆಗ್-4. ಫ್ರೀ ಡಿಶ್‌ನ ಚಾನೆಲ್‌ಗಳು ಎಂಪೆಗ್-2, ಎಂಪೆಗ್-4 ಎಂಬ ಎರಡು ಬಗೆಯಲ್ಲಿ ಬರುತ್ತವೆ. ಹಳೆಯ ಎಂಪೆಗ್-2 ಬಾಕ್ಸ್‌ಗೆ ಎರಡನೆಯ ಬಗೆ ಅರ್ಥವಾಗದು. ಹೊಸ ಬಾಕ್ಸ್ ಎರಡನ್ನೂ ತೋರಿಸುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಎಂಪೆಗ್-2 ಬಾಕ್ಸ್ ತರುವುದು ಇಂದು ನಷ್ಟದ ವ್ಯವಹಾರ. ಪ್ರಸಾರ ಭಾರತಿ ಅನುಮೋದಿಸಿದ ಬಾಕ್ಸ್‌ಗಳೂ ಮಾರುಕಟ್ಟೆಯಲ್ಲಿವೆ. ಸಿಕ್ಕರೆ ಅವನ್ನೇ ಆರಿಸುವುದು ಲೇಸು. ಇಂಟರ್‌ನೆಟ್ ಜೋಡಿಸಿದರೆ ಹಣದ ಚಾನೆಲ್‌ಗಳೂ ಬಿಟ್ಟಿಯಾಗಿ ತೆರೆದುಕೊಳ್ಳುತ್ತವೆ ಎಂದು ಹೇಳಿ ಮಾರುವ ಬಾಕ್ಸ್‌ಗಳಿಂದ ದೂರ ಇರಬೇಕು. ಅದು ಕಳ್ಳತನದ ಪ್ರಸಾರ, ಕಾನೂನಿನ ಪ್ರಕಾರ ಅಪರಾಧ. ಫ್ರೀ ಡಿಶ್ ನೋಡಲು ಅಂಥದ್ದರ ಗೊಡವೆಯೇ ಬೇಕಿಲ್ಲ.

ಕೆಲವು ಟಿವಿಗಳಿಗೆ ಪ್ರತ್ಯೇಕ ಬಾಕ್ಸ್ ಕೂಡ ಬೇಡ. ಉಪಗ್ರಹ ಟ್ಯೂನರ್ ಒಳಗೇ ಇರುವ ಟಿವಿಗಳಿಗಾಗಿ ಭಾರತೀಯ ಮಾನಕ ಬ್ಯೂರೊ ಐಎಸ್ 18112 ಎಂಬ ಮಾನದಂಡವನ್ನು 2022ರಲ್ಲಿ ಹೊರತಂದಿದೆ. ಟಿವಿಯ ಹಿಂಬದಿಯಲ್ಲಿ ಎಲ್‌ಎನ್‌ಬಿ ಅಥವಾ ಸ್ಯಾಟಲೈಟ್ ಎಂದು ಬರೆದ ತಿರುಪಿನ ಸಾಕೆಟ್ ಇದೆಯೇ, ಕೈಪಿಡಿಯಲ್ಲಿ ಡಿವಿಬಿ-ಎಸ್2 ಎಂದಿದೆಯೇ ನೋಡಬೇಕು. ಇದ್ದರೆ ಡಿಶ್‌ನ ಕೇಬಲ್ ನೇರ ಟಿವಿಗೇ ಬರುತ್ತದೆ, ಒಂದೇ ರಿಮೋಟ್ ಸಾಕು. ಎಲ್ಲ ಸ್ಮಾರ್ಟ್ ಟಿವಿಗಳಲ್ಲೂ ಇದು ಇರುವುದಿಲ್ಲ.

ಆಗ್ನೇಯದ ಆಕಾಶ

ಫ್ರೀ ಡಿಶ್ ಪ್ರಸಾರ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 3164 ಕಿಲೊ ತೂಕದ ಈ ಉಪಗ್ರಹವನ್ನು 2015ರ ನವೆಂಬರ್ 11ರಂದು ಫ್ರೆಂಚ್ ಗಯಾನಾದ ಕೌರುವಿನಿಂದ ಏರಿಯಾನ್-5 ರಾಕೆಟ್ ಮೇಲೇರಿಸಿತು. ಅದರ ನಿಯಂತ್ರಣವನ್ನು ಕೈಗೆತ್ತಿಕೊಂಡದ್ದು ಇಸ್ರೊದ ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. ಸಮಭಾಜಕ ವೃತ್ತದ ನೆತ್ತಿಗೆ, ಸುಮಾರು 36,000 ಕಿಲೊಮೀಟರ್ ಎತ್ತರದಲ್ಲಿ, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ ಅದು ನಿಂತಿದೆ. ಭೂಮಿಯ ಜೊತೆಗೇ ಸುತ್ತುವುದರಿಂದ ನೆಲದಿಂದ ನೋಡಿದರೆ ಕದಲುವುದಿಲ್ಲ. ಕೆಲವು ಬಾಕ್ಸ್‌ಗಳ ಪಟ್ಟಿಯಲ್ಲಿ ಇದೇ ಜಾಗದಲ್ಲಿದ್ದ ಹಳೆಯ ಇನ್ಸ್ಯಾಟ್-4ಬಿ ಹೆಸರೇ ಉಳಿದಿರುತ್ತದೆ. ಡಿಗ್ರಿ 93.5 ಎಂದಿದ್ದರೆ ಹೆಸರು ಯಾವುದಾದರೂ ಆಗಬಹುದು.

ಕರ್ನಾಟಕದಿಂದ ನೋಡಿದರೆ ಈ ಜಾಗ ಆಗ್ನೇಯಕ್ಕಿದೆ, ಅದೂ ಆಕಾಶದಲ್ಲಿ ಸಾಕಷ್ಟು ಮೇಲೆ. ಉತ್ತರದಿಂದ ಪ್ರದಕ್ಷಿಣೆಯಾಗಿ ಅಳೆದರೆ ಬೆಂಗಳೂರಿನಲ್ಲಿ ದಿಕ್ಕು 128 ಡಿಗ್ರಿ, ನೆಲಮಟ್ಟದಿಂದ ಏರು 66 ಡಿಗ್ರಿ. ಮಂಗಳೂರಿನಲ್ಲಿ ದಿಕ್ಕು 123, ಏರು 64. ಬೆಳಗಾವಿಯಲ್ಲಿ 128 ಮತ್ತು 61. ಕಲಬುರಗಿಯಲ್ಲಿ 135 ಮತ್ತು 62, ಅಂದರೆ ಅಲ್ಲಿ ಕರಾರುವಾಕ್ಕಾಗಿ ಆಗ್ನೇಯ ಮೂಲೆಯೇ. ಬೇರೆ ಊರಿನವರು ತಮಗೆ ಹತ್ತಿರದ ಊರಿನ ಅಂಕಿಯಿಂದ ಆರಂಭಿಸಬಹುದು. ದಿಕ್ಸೂಚಿಯ ಮುಳ್ಳಿಗೂ ನಿಜವಾದ ಉತ್ತರಕ್ಕೂ ನಮ್ಮಲ್ಲಿ ವ್ಯತ್ಯಾಸ ಒಂದೆರಡು ಡಿಗ್ರಿಯಷ್ಟೇ. ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಆದರೆ ಮೊಬೈಲ್‌ನ ದಿಕ್ಸೂಚಿಯನ್ನು ಕಬ್ಬಿಣದ ಕಂಬಕ್ಕೋ ಡಿಶ್‌ಗೋ ತಾಗಿಸಿ ನೋಡಿದರೆ ತಪ್ಪು ತೋರಿಸುತ್ತದೆ. ನಾಲ್ಕು ಹೆಜ್ಜೆ ದೂರ ನಿಂತು ದಿಕ್ಕನ್ನು ಗುರುತಿಸಿ, ಆ ಗೆರೆಯಲ್ಲಿ ದೂರದ ಮರವನ್ನೋ ನೀರಿನ ಟ್ಯಾಂಕನ್ನೋ ಗುರುತಿಟ್ಟುಕೊಳ್ಳುವುದು ಸರಿಯಾದ ಕ್ರಮ.

ಏರು ಇಷ್ಟು ಕಡಿದಾಗಿರುವುದರಿಂದ ಒಂದು ಅನುಕೂಲವಿದೆ. ಬೆಂಗಳೂರಿನ ಲೆಕ್ಕದಲ್ಲಿ, ಡಿಶ್‌ನಿಂದ 1 ಮೀಟರ್ ದೂರದ ಗೋಡೆ ಡಿಶ್‌ಗಿಂತ ಸುಮಾರು 2 ಮೀಟರ್ ಎತ್ತರವಿದ್ದರೂ ಸಿಗ್ನಲ್ ಅದರ ಮೇಲಿಂದ ಇಳಿದು ಬರುತ್ತದೆ. 4 ಮೀಟರ್ ಆಚೆಯ ತೆಂಗಿನ ಮರ ಅಡ್ಡವಾಗಬೇಕಾದರೆ ಡಿಶ್‌ಗಿಂತ 9 ಮೀಟರ್ ಮೇಲಕ್ಕೆ ಬೆಳೆದಿರಬೇಕು. ಡಿಶ್ ಎತ್ತರದಲ್ಲಿದ್ದಷ್ಟೂ ಚಿತ್ರ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಹಳೆಯ ಬೊಂಬು ಆಂಟೆನಾ ಕಾಲದ್ದು. 36,000 ಕಿಲೊಮೀಟರ್ ದಾಟಿ ಬರುವ ಅಲೆಗೆ ಹತ್ತು ಅಡಿಯ ಎತ್ತರದಿಂದ ಏನೂ ಆಗುವುದಿಲ್ಲ. ಕೈಗೆ ಎಟಕುವಂತೆ, ಗಾಳಿ ಕಡಿಮೆ ಇರುವಲ್ಲಿ, ಅಂಗಳದ ನೆಲದಲ್ಲಿ ಗಟ್ಟಿಯಾಗಿ ಹೂಳಿದ ಕಂಬದ ಮೇಲೆ ಇಟ್ಟರೂ ನಡೆಯುತ್ತದೆ. ಬೇಕಾದದ್ದು ಆಗ್ನೇಯಕ್ಕೆ ತೆರೆದ ಆಕಾಶ, ಅಲುಗದ ಕಂಬ.

ಅಡ್ಡಿ ಇದೆಯೇ ಎಂದು ತಿಳಿಯಲು ಸೂರ್ಯನೇ ನೆರವಿಗೆ ಬರುವ ದಿನಗಳಿವೆ. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಬೆಂಗಳೂರಿನ ಆಸುಪಾಸಿನಲ್ಲಿ ಬೆಳಗಿನ 11ರ ಸುಮಾರಿಗೆ ಸೂರ್ಯ ಈ ಉಪಗ್ರಹದ ಹಿಂದೆಯೇ ಹಾದುಹೋಗುತ್ತಾನೆ. ಆ ಹೊತ್ತಿಗೆ ಡಿಶ್ ಇರುವ ಜಾಗದಲ್ಲಿ ಬಿಸಿಲು ಬಿದ್ದಿದ್ದರೆ ಸಿಗ್ನಲ್‌ಗೂ ದಾರಿ ಬಿಡುವಾಗಿದೆ ಎಂದರ್ಥ. ನೆರಳಿದ್ದರೆ ಜಾಗ ಬದಲಿಸಬೇಕು.

ಡಿಶ್ ತಿರುಗಿಸುವುದು

ಎಷ್ಟು ತಿರುಗಿಸಬೇಕು ಎಂಬುದು ಡಿಶ್ ಈವರೆಗೆ ಯಾವ ಸೇವೆಯದ್ದಾಗಿತ್ತು ಎಂಬುದರ ಮೇಲೆ ನಿಂತಿದೆ. ಡಿಶ್ ಟಿವಿಯ ಉಪಗ್ರಹ 95 ಡಿಗ್ರಿಯಲ್ಲಿದೆ, ಫ್ರೀ ಡಿಶ್‌ಗೆ ತೀರ ಪಕ್ಕದಲ್ಲಿ. ಬೆಂಗಳೂರಿನಲ್ಲಿ ಅದನ್ನು ಸುಮಾರು ಎರಡೂವರೆ ಡಿಗ್ರಿ ದಕ್ಷಿಣದ ಕಡೆಗೆ ತಿರುಗಿಸಿ, ಒಂದೂವರೆ ಡಿಗ್ರಿ ಮೇಲಕ್ಕೆತ್ತಿದರೆ ಮುಗಿಯಿತು. 4 ಸೆಂಟಿಮೀಟರ್ ದಪ್ಪದ ಕಂಬದ ಸುತ್ತಳತೆಯಲ್ಲಿ ಆ ತಿರುವು 1 ಮಿಲಿಮೀಟರ್‌ಗಿಂತ ಹೆಚ್ಚಿಲ್ಲ. ಸನ್ ಡೈರೆಕ್ಟ್ 91.5 ಮತ್ತು 93.5 ಡಿಗ್ರಿಗಳ ಉಪಗ್ರಹಗಳನ್ನು ಬಳಸಿದೆ. ಅಲ್ಲಿಯೂ ಬದಲಾವಣೆ ಅಲ್ಪ, ಕೆಲವೊಮ್ಮೆ ಏನೂ ಬೇಡ. ಡಿ2ಎಚ್ ಇರುವುದು 88ರಲ್ಲಿ: 12 ಡಿಗ್ರಿಯಷ್ಟು ಪೂರ್ವಕ್ಕೆ, 4 ಡಿಗ್ರಿ ಕೆಳಕ್ಕೆ. ಟಾಟಾ ಪ್ಲೇ 83ರಲ್ಲಿ: 29 ಡಿಗ್ರಿ ಪೂರ್ವಕ್ಕೆ, 7 ಡಿಗ್ರಿ ಕೆಳಕ್ಕೆ. ಏರ್‌ಟೆಲ್‌ನದು 108ರಲ್ಲಿ: ಹೀಗಾಗಿ ದಿಕ್ಕು ತಿರುವುಮುರುವು, 17 ಡಿಗ್ರಿ ದಕ್ಷಿಣಕ್ಕೆ, 14 ಡಿಗ್ರಿ ಮೇಲಕ್ಕೆ. ಕೆಲಸ ಶುರುಮಾಡುವ ಮುನ್ನ ಕಂಬದ ಮೇಲೂ ಕ್ಲಾಂಪಿನ ಮೇಲೂ ಹಳೆಯ ಸ್ಥಾನಕ್ಕೆ ಬಣ್ಣದ ಗೆರೆ ಎಳೆದಿಟ್ಟರೆ, ಎಷ್ಟು ಸರಿಸಿದ್ದೇವೆ ಎಂಬುದು ಕಣ್ಣಿಗೆ ಕಾಣುತ್ತದೆ. ಬೇಡವಾದಾಗ ಹಿಂದಕ್ಕೂ ಹೋಗಬಹುದು.

ದಿಕ್ಕು ಮತ್ತು ಏರು ಎರಡನ್ನೂ ಎಲ್ಲರೂ ಗಮನಿಸುತ್ತಾರೆ. ದಕ್ಷಿಣ ಭಾರತದಲ್ಲಿ ಕೆಲಸ ಕೆಡುವುದು ಮೂರನೆಯದರಲ್ಲಿ: ಎಲ್‌ಎನ್‌ಬಿಯ ಓರೆ. ಉಪಗ್ರಹ ಕಳಿಸುವ ಅಲೆಗಳು ಲಂಬ ಮತ್ತು ಅಡ್ಡ ಎಂಬ ಎರಡು ತಲಗಳಲ್ಲಿ ಕಂಪಿಸುತ್ತವೆ. ಉಪಗ್ರಹದ ಲಂಬ ನಮ್ಮೂರಿನ ಲಂಬಕ್ಕೆ ಹೊಂದುವುದು ಅದು ನೇರ ದಕ್ಷಿಣಕ್ಕಿದ್ದಾಗ ಮಾತ್ರ. ಆಗ್ನೇಯಕ್ಕಿರುವ ಉಪಗ್ರಹದ ಅಲೆ ನಮ್ಮಲ್ಲಿಗೆ ಓರೆಯಾಗಿ ಬಂದು ಮುಟ್ಟುತ್ತದೆ. ಸಮಭಾಜಕಕ್ಕೆ ಹತ್ತಿರ ಹೋದಂತೆ ಆ ಓರೆ ಹೆಚ್ಚುತ್ತದೆ. ದಿಲ್ಲಿಯಲ್ಲಿ ಅದು 30 ಡಿಗ್ರಿಯನ್ನೂ ಮುಟ್ಟದು. ಬೆಂಗಳೂರಿನಲ್ಲಿ ಭೂಗೋಳದ ಲೆಕ್ಕದಂತೆ ಸುಮಾರು 50 ಡಿಗ್ರಿ. ಉತ್ತರದವರಿಗೆಂದು ಮಾಡಿದ ವಿಡಿಯೊ ನೋಡಿ ಎಲ್‌ಎನ್‌ಬಿ ಕೂರಿಸಿದವರಿಗೆ ಇಲ್ಲಿ ಸಿಗ್ನಲ್ ಸಿಗದಿರುವುದಕ್ಕೆ, ಅರೆಬರೆ ಸಿಗುವುದಕ್ಕೆ ಇದು ದೊಡ್ಡ ಕಾರಣ. ಡಿಶ್‌ನ ಹಿಂದೆ ನಿಂತು ಉಪಗ್ರಹದ ಕಡೆ ನೋಡುವವರ ಲೆಕ್ಕದಲ್ಲಿ ಎಲ್‌ಎನ್‌ಬಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿರಬೇಕು. 95ರಿಂದ ಬಂದ ಡಿಶ್‌ನಲ್ಲಿ ಓರೆ ಆಗಲೇ ಸರಿಸುಮಾರು ಸರಿಯಿರುತ್ತದೆ. 83ರಿಂದ ಬಂದದ್ದಾದರೆ ಇನ್ನೂ 28 ಡಿಗ್ರಿಯಷ್ಟು ತಿರುಗಿಸಬೇಕಾಗುತ್ತದೆ. ಅದನ್ನು ಮರೆತರೆ ಡಿಶ್ ಸರಿಯಾದ ಕಡೆ ನೋಡುತ್ತಿದ್ದರೂ ಬಾಕ್ಸ್ ಸಿಗ್ನಲ್ ಇಲ್ಲ ಎನ್ನಬಹುದು. ಈ ಅಂಕಿಗಳು ಆರಂಭಕ್ಕೆ. ಕೊನೆಯ ತೀರ್ಪು ಪರದೆಯ ಮೇಲಿನ ಕ್ವಾಲಿಟಿ ಪಟ್ಟಿಯದು.

ಬಾಕ್ಸ್ ಆಫ್ ಮಾಡಿಯೇ ಕೇಬಲ್ ಜೋಡಿಸಬೇಕು. ಎಲ್‌ಎನ್‌ಬಿಗೆ ಬೇಕಾದ ವಿದ್ಯುತ್ತು ಇದೇ ಕೇಬಲ್‌ನಲ್ಲಿ ಹೋಗುತ್ತದೆ, ಲಂಬ ಅಲೆಗೆ 13 ವೋಲ್ಟ್, ಅಡ್ಡ ಅಲೆಗೆ 18 ವೋಲ್ಟ್. ನಡುವಿನ ತಂತಿ ಹೊರಗಿನ ಜಾಳಿಗೆಗೆ ತಾಗಿದರೆ ಬಾಕ್ಸ್ ಸುಡಬಹುದು. ಜೋಡಿಸಿದ ಮೇಲೆ ಬಾಕ್ಸ್‌ನ ಮೆನುವಿನಲ್ಲಿ ಇನ್‌ಸ್ಟಾಲೇಷನ್ ಅಥವಾ ಆಂಟೆನಾ ಸೆಟಪ್‌ಗೆ ಹೋಗಿ 93.5 ಡಿಗ್ರಿಯ ಕೆಯು ಉಪಗ್ರಹವನ್ನು ಆರಿಸಬೇಕು. ಎಲ್‌ಎನ್‌ಬಿ ಆವರ್ತನ 9750/10600, 22 ಕಿಲೊಹರ್ಟ್ಸ್ ಆಟೊ, ಡೈಸೆಕ್ (ಎರಡು ಉಪಗ್ರಹಗಳ ನಡುವೆ ಬದಲಿಸುವ ಸ್ವಿಚ್) ಬೇಡ. ಟ್ರಾನ್ಸ್‌ಪಾಂಡರ್ (ಉಪಗ್ರಹದ ಒಂದು ಪ್ರಸಾರ ಮಾರ್ಗ) ಸಾಲಿನಲ್ಲಿ 11090, ಲಂಬ, ಸಿಂಬಲ್ ರೇಟ್ 29500 ಇಡಬೇಕು. ಎಲ್‌ಎನ್‌ಬಿ 11090 ಮೆಗಾಹರ್ಟ್ಸ್‌ನಿಂದ 9750 ಕಳೆದು, ಉಳಿದ 1340 ಮೆಗಾಹರ್ಟ್ಸ್ ಅನ್ನು ಕೇಬಲ್‌ನಲ್ಲಿ ಕೆಳಗೆ ಕಳಿಸುತ್ತದೆ. ಎಲ್‌ಎನ್‌ಬಿಯ ಅಂಕಿ ತಪ್ಪಿ ಹಾಕಿದರೆ ಬಾಕ್ಸ್ ಬೇರೆ ಜಾಗದಲ್ಲಿ ಹುಡುಕುತ್ತಾ ಕೂರುತ್ತದೆ. ಡಿಶ್ ಎಷ್ಟು ತಿರುಗಿಸಿದರೂ ಆಗ ಪ್ರಯೋಜನವಿಲ್ಲ.

ಪರದೆಯ ಮೇಲೆ ಎರಡು ಪಟ್ಟಿಗಳು ಕಾಣುತ್ತವೆ. ಸ್ಟ್ರೆಂತ್ ಪಟ್ಟಿ ಕೇಬಲ್ ಮತ್ತು ಎಲ್‌ಎನ್‌ಬಿ ಜೀವಂತವಾಗಿವೆ ಎಂದಷ್ಟೇ ಹೇಳುತ್ತದೆ. ಡಿಶ್ ಗೋಡೆಗೆ ಮುಖ ಮಾಡಿದ್ದರೂ ಅದು ಅರ್ಧಕ್ಕಿಂತ ಮೇಲಿರಬಹುದು. ನಂಬಬೇಕಾದದ್ದು ಕ್ವಾಲಿಟಿಯನ್ನು. ಹೇಳಿದ ಟ್ರಾನ್ಸ್‌ಪಾಂಡರ್ ನಿಜವಾಗಿ ಸಿಕ್ಕಾಗ ಮಾತ್ರ ಅದು ಸೊನ್ನೆಯಿಂದ ಏಳುತ್ತದೆ. ತಾರಸಿಯ ಮೇಲಿನವರಿಗೆ ಪರದೆ ಕಾಣದಿದ್ದರೆ ಕೆಳಗಿನಿಂದ ಇನ್ನೊಬ್ಬರು ಕೂಗಿ ಹೇಳಬೇಕು, ಅಥವಾ ವಿಡಿಯೊ ಕರೆಯಲ್ಲಿ ಪರದೆ ತೋರಿಸಬೇಕು. ಚಿಕ್ಕ ಟಿವಿಯನ್ನೇ ತಾರಸಿಗೆ ಒಯ್ಯಲಾದರೆ ಇನ್ನೂ ಒಳ್ಳೆಯದು.

ನಟ್‌ಗಳನ್ನು ಪೂರ್ತಿ ಬಿಚ್ಚದೆ, ಬಿಗಿತವಿದ್ದೂ ಕೈಗೆ ತಿರುಗುವಷ್ಟು ಸಡಿಲಿಸಬೇಕು. ಮೊದಲು ಏರನ್ನು ಬ್ರಾಕೆಟ್ಟಿನ ಅಳತೆಪಟ್ಟಿಗೆ ಹೊಂದಿಸಬೇಕು. ಈ ಡಿಶ್‌ಗಳ ತೋಳು ಕೆಳಗಿನಿಂದ ಬರುವುದರಿಂದ ಅವು ನೋಡುವ ದಿಕ್ಕು ತಟ್ಟೆಯ ಮುಖಕ್ಕಿಂತ ಸುಮಾರು 25 ಡಿಗ್ರಿ ಮೇಲಿರುತ್ತದೆ. 66 ಡಿಗ್ರಿಗೆ ಹೊಂದಿಸಿದ ಡಿಶ್ ಕಣ್ಣಿಗೆ 40 ಡಿಗ್ರಿಯಷ್ಟೇ ಮಲಗಿದಂತೆ ಕಂಡರೆ ಅದು ಸರಿಯೇ. ಆಮೇಲೆ ಡಿಶ್ಶನ್ನು ಎಡದಿಂದ ಬಲಕ್ಕೆ ಬಹಳ ನಿಧಾನವಾಗಿ ಸರಿಸಬೇಕು. ಪ್ರತಿ ಸಣ್ಣ ಸರಿತದ ನಂತರ ಬಾಕ್ಸ್‌ಗೆ ಎರಡು ಮೂರು ಸೆಕೆಂಡು ಕೊಡಬೇಕು. ಅವಸರದಲ್ಲಿ ತಿರುಗಿಸುವವರು ಉಪಗ್ರಹವನ್ನು ದಾಟಿಹೋಗಿ, ಸಿಗ್ನಲ್ ಇಲ್ಲವೆಂದುಕೊಳ್ಳುತ್ತಾರೆ. ಒಂದು ಸುತ್ತಿನಲ್ಲಿ ಸಿಗದಿದ್ದರೆ ಏರನ್ನು ಒಂದು ಡಿಗ್ರಿ ಬದಲಿಸಿ ಮತ್ತೆ ಮೊದಲಿಂದ. ಕ್ವಾಲಿಟಿ ಎದ್ದ ಕೂಡಲೇ ನಿಲ್ಲಿಸಿ, ಇತ್ತ ಅತ್ತ ಸರಿಸಿ ಗರಿಷ್ಠ ಎಲ್ಲಿದೆಯೆಂದು ಕಂಡುಕೊಂಡು, ಆಮೇಲೆ ಏರನ್ನು, ಕೊನೆಗೆ ಎಲ್‌ಎನ್‌ಬಿಯ ಓರೆಯನ್ನು ಹದಗೊಳಿಸಬೇಕು. ನಟ್ ಬಿಗಿಯುವಾಗ ಡಿಶ್ ಕೊಂಚ ಜರುಗುತ್ತದೆ. ಒಂದೇ ನಟ್ಟನ್ನು ಪೂರ್ತಿ ಬಿಗಿಯದೆ ಎಲ್ಲವನ್ನೂ ಸುತ್ತು ಹಾಕಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಪಟ್ಟಿಯ ಮೇಲೆ ಕಣ್ಣಿಟ್ಟಿರಬೇಕು.

ಕ್ವಾಲಿಟಿ ಬಂದರೂ ಅದು ಪಕ್ಕದ ಉಪಗ್ರಹದ್ದಾಗಿರಬಹುದು. 60 ಸೆಂಟಿಮೀಟರ್ ಡಿಶ್‌ನ ನೋಟದ ಅಗಲವೇ ಸುಮಾರು 3 ಡಿಗ್ರಿ, 91.5, 93.5, 95 ಮೂರೂ ಒತ್ತೊತ್ತಾಗಿ ನಿಂತಿವೆ. ಬಾಕ್ಸ್ ತಾನೇ ಎಲ್ಲ ಚಾನೆಲ್ ಹುಡುಕುವ ಬ್ಲೈಂಡ್ ಸ್ಕ್ಯಾನ್ ಮಾಡಿದಾಗ ಬರುವ ಹೆಸರುಗಳಲ್ಲಿ ದೂರದರ್ಶನದ ಚಾನೆಲ್‌ಗಳು ಬೀಗದ ಗುರುತಿಲ್ಲದೆ ತೆರೆದುಕೊಂಡರೆ ಜಾಗ ಸರಿ. ಹೆಸರುಗಳೆಲ್ಲ ಬಂದು ಒಂದೂ ತೆರೆಯದಿದ್ದರೆ ನಿಂತಿರುವುದು ಹಣದ ಸೇವೆಯ ಮೇಲೆ. ಕೆಲವು ಚಾನೆಲ್ ಬಂದು ಕೆಲವು ಬಾರದಿದ್ದರೆ ಮೊದಲ ಅನುಮಾನ ಓರೆಯ ಮೇಲಿರಬೇಕು, ಎರಡನೆಯದು ಬಾಕ್ಸ್‌ನ ಎಂಪೆಗ್ ಬಗೆಯ ಮೇಲೆ.

ಏಣಿ, ಒದ್ದೆ ತಾರಸಿ, ಹತ್ತಿರ ಹಾದುಹೋಗುವ ವಿದ್ಯುತ್ ತಂತಿ: ಈ ಮೂರರಲ್ಲಿ ಯಾವುದು ಇದ್ದರೂ ಕೆಲಸವನ್ನು ಅನುಭವಿ ಟೆಕ್ನಿಷಿಯನ್‌ಗೆ ವಹಿಸಬೇಕು. ಕೂಲಿ ಉಳಿಸುವ ಆಸೆಗೆ ಪ್ರಾಣ ಒಡ್ಡುವುದು ಸಲ್ಲದು.

ಮಳೆ, ಬಿಸಿಲು, ಸಿಡಿಲು

ಕೆಯು ಬ್ಯಾಂಡಿನ ಅಲೆಗಳನ್ನು ದಪ್ಪ ಮಳೆ ಹೀರಿಕೊಳ್ಳುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಜೋರಾದಾಗ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಹೋಗುವುದು ದೋಷವಲ್ಲ. ಮಳೆ ಇಳಿದ ಮೇಲೆ ತಾನಾಗಿ ಬರುತ್ತದೆ. ಆಗ ಡಿಶ್ ಮುಟ್ಟಲು ಹೋಗಬಾರದು. ಬೇಸಗೆಯಲ್ಲಿ ಕ್ವಾಲಿಟಿಯನ್ನು ಇನ್ನೊಂದು ಅಂಶ ಏರಿಸಿಕೊಂಡವರಿಗೆ ಮಳೆಗಾಲದಲ್ಲಿ ಅಷ್ಟು ಹೆಚ್ಚು ಹೊತ್ತು ಚಿತ್ರ ನಿಲ್ಲುತ್ತದೆ. ಆಗುಂಬೆಯಂಥ ಕಡೆ 75 ಅಥವಾ 90 ಸೆಂಟಿಮೀಟರ್ ಡಿಶ್‌ಗೆ ಹೋಗುವುದು ಲಾಭ. ಕೇಬಲ್ ಎಲ್‌ಎನ್‌ಬಿಯಿಂದ ಹೊರಡುವಲ್ಲಿ ಕೆಳಕ್ಕೊಂದು ಬಳುಕು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಕನೆಕ್ಟರ್ ಒಳಗೆ ಇಳಿಯುವುದಿಲ್ಲ. ಮಂಗಗಳ ಕಾಟವಿರುವ ಊರುಗಳಲ್ಲಿ ಡಿಶ್ ಸುತ್ತ ಜಾಲರಿ ಕಟ್ಟುವುದುಂಟು. ಡಿಶ್‌ನ ಎದುರಿಗೆ ಲೋಹದ ಜಾಲರಿ ಬಾರದಂತೆ ನೋಡಿಕೊಳ್ಳಬೇಕು. ಅಲ್ಲಿಗೆ ನೈಲಾನ್ ಬಲೆ ಸಾಕು.

ಸೂರ್ಯ ಉಪಗ್ರಹದ ಹಿಂದೆ ಬರುವ ಆ ಮಾರ್ಚ್, ಸೆಪ್ಟೆಂಬರ್ ದಿನಗಳಲ್ಲಿ ಕೆಲವು ನಿಮಿಷ ಸಿಗ್ನಲ್ ಕುಗ್ಗುವುದೂ ಸಹಜ. ಸಿಡಿಲಿನ ಮಾತು ಬೇರೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಸೂಚನೆ ಕಂಡಾಗಲೇ ಬಾಕ್ಸ್‌ನ ವಿದ್ಯುತ್ ಪ್ಲಗ್ ಮತ್ತು ಡಿಶ್ ಕೇಬಲ್ ಎರಡನ್ನೂ ಕಳಚಿಡಬೇಕು. ಸ್ವಿಚ್ ಆರಿಸಿದರೆ ಸಾಲದು.

ಎರಡೂ ಬೇಕೆಂದರೆ

ಹಣದ ಸಂಪರ್ಕವನ್ನು ಉಳಿಸಿಕೊಂಡೇ ಅದೇ ಡಿಶ್‌ನಲ್ಲಿ ಫ್ರೀ ಡಿಶ್ ಕೂಡ ಹಿಡಿಯಬಹುದು. ಡಿಶ್ಶನ್ನು ಅಲುಗಿಸದೆ, ಮೊದಲ ಎಲ್‌ಎನ್‌ಬಿಯ ಪಕ್ಕಕ್ಕೆ ಬ್ರಾಕೆಟ್ ಹಾಕಿ ಎರಡನೆಯದನ್ನು ಕೂರಿಸಬೇಕು. ಡಿಶ್ ಪ್ರತಿಫಲಿಸುವುದರಿಂದ ಲೆಕ್ಕ ತಲೆಕೆಳಗು: ಪೂರ್ವಕ್ಕೂ ಕೆಳಗೂ ಇರುವ ಉಪಗ್ರಹಕ್ಕೆ ಎಲ್‌ಎನ್‌ಬಿ ಪಶ್ಚಿಮಕ್ಕೂ ತುಸು ಮೇಲಕ್ಕೂ ಇರಬೇಕು. 83 ಡಿಗ್ರಿಯ ಡಿಶ್‌ನಲ್ಲಿ ಈ ಅಂತರ 7, 8 ಸೆಂಟಿಮೀಟರ್ ಬರುತ್ತದೆ, ಎರಡೂ ಆರಾಮವಾಗಿ ಕೂರುತ್ತವೆ. ಪಕ್ಕದ ಎಲ್‌ಎನ್‌ಬಿಗೆ ಸಿಗ್ನಲ್ ನಡುವಿನದಕ್ಕಿಂತ ಕಡಿಮೆ, ಆದ್ದರಿಂದ ಮಳೆಯಲ್ಲಿ ಅದು ಮೊದಲು ಸೋಲುತ್ತದೆ. 95 ಡಿಗ್ರಿಯ ಡಿಶ್‌ನಲ್ಲಿ ಮಾತ್ರ ಈ ಉಪಾಯ ನಡೆಯದು. ಅಂತರ 1 ಸೆಂಟಿಮೀಟರ್‌ನಷ್ಟೇ ಇರುವಾಗ ಎರಡು ಎಲ್‌ಎನ್‌ಬಿಗೆ ಜಾಗವೆಲ್ಲಿ? ಅಲ್ಲಿ ಬೇರೆ ಡಿಶ್ ಹಾಕುವುದೇ ನೆಮ್ಮದಿ. ಎರಡು ಎಲ್‌ಎನ್‌ಬಿಗೆ ಎರಡು ಬಾಕ್ಸ್ ಇದ್ದರೆ ಎರಡು ಕೇಬಲ್ ಎಳೆದರಾಯಿತು. ಒಂದೇ ಬಾಕ್ಸ್ ಎರಡು ಉಪಗ್ರಹಗಳನ್ನು ನೋಡಬೇಕಾದಾಗ ಮಾತ್ರ ಡೈಸೆಕ್ ಸ್ವಿಚ್ ಬೇಕು.

ಹಳ್ಳಿಗಳ ಹಿತ್ತಿಲಲ್ಲಿ ಇನ್ನೂ ಕಾಣುವ ಆರೆಂಟು ಅಡಿಯ ಜಾಲರಿ ಡಿಶ್‌ಗಳು ಸಿ ಬ್ಯಾಂಡಿನವು. ಅವುಗಳಲ್ಲೂ ಕೆಲವು ಉಚಿತ ಚಾನೆಲ್‌ಗಳು ಸಿಗುತ್ತವೆ, ಆದರೆ ಎಲ್‌ಎನ್‌ಬಿ ಬೇರೆ, ಉಪಗ್ರಹಗಳೂ ಬೇರೆ. ಚಿಕ್ಕ ಡಿಶ್ ಆ ಕೆಲಸಕ್ಕೆ ಬಾರದು.

ಎಲ್ಲ ಮುಗಿದ ಮೇಲೂ ಚಾನೆಲ್‌ಗಳ ಪಟ್ಟಿ ಒಂದೇ ಕಡೆ ನಿಲ್ಲುವುದಿಲ್ಲ. ಹರಾಜಿನ ಅವಧಿ ಸಾಮಾನ್ಯವಾಗಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. 2022ರ ಏಪ್ರಿಲ್‌ನಲ್ಲಿ ಸ್ಟಾರ್ ಉತ್ಸವ್, ಜೀ ಅನ್ಮೋಲ್‌ನಂಥ ಜನಪ್ರಿಯ ಹಿಂದಿ ಚಾನೆಲ್‌ಗಳು ಒಟ್ಟಿಗೇ ಹೊರನಡೆದವು. ಒಂದು ದಿನ ಇದ್ದಕ್ಕಿದ್ದಂತೆ ಚಾನೆಲ್ ಕಾಣೆಯಾದರೆ ಡಿಶ್ ಸಡಿಲಿಸುವ ಮೊದಲು ಬೇರೆ ಚಾನೆಲ್‌ಗಳು ಬರುತ್ತಿವೆಯೇ ನೋಡಬೇಕು. ಬರುತ್ತಿದ್ದರೆ ಡಿಶ್‌ನದು ತಪ್ಪಿಲ್ಲ. ಮೆನುವಿನಲ್ಲಿ ಮತ್ತೊಮ್ಮೆ ಸ್ಕ್ಯಾನ್ ಕೊಟ್ಟರೆ ಜಾಗ ಬದಲಿಸಿದ ಚಾನೆಲ್‌ಗಳು ಸಿಗುತ್ತವೆ, ಹೊಸದಾಗಿ ಬಂದವೂ ಪಟ್ಟಿಗೆ ಸೇರುತ್ತವೆ. ಪ್ರತಿ ವರ್ಷ ಏಪ್ರಿಲ್ ಮೊದಲ ವಾರದಲ್ಲೊಮ್ಮೆ, ನಡುವೆ ಎರಡು ಮೂರು ತಿಂಗಳಿಗೊಮ್ಮೆ ಹೀಗೆ ಸ್ಕ್ಯಾನ್ ಮಾಡಬೇಕು.